ಕೈಗೆಟುಕುವ ವಸತಿ: ಶೇ. 1ರ ತೆರಿಗೆ ಮತ್ತು ದೊರೆಯದ ಕ್ರೆಡಿಟ್

ಸಣ್ಣ ಪಟ್ಟಣಗಳ ವಸತಿ ಯೋಜನೆಗಳ ಪ್ರಚಾರ ಪತ್ರಗಳಲ್ಲಿ ‘ಜಿಎಸ್‌ಟಿ ಕೇವಲ ಶೇ. 1’ ಎಂಬ ಸಾಲು ಎದ್ದು ಕಾಣುತ್ತದೆ. ದರವು ನಿಜ, ಆದರೆ ತೆರಿಗೆಯ ಹೊರೆ ಅಷ್ಟೇ ಎಂಬ ಭಾವನೆ ಸರಿಯಲ್ಲ. ಮನೆ ಕಟ್ಟಿಸಿ ಮಾರುವವರೂ ಅವರಿಗೆ ಇಟ್ಟಿಗೆ, ಮರಳು, ಕಬ್ಬಿಣ ಪೂರೈಸುವವರೂ ಈ ವ್ಯತ್ಯಾಸವನ್ನು ಅರಿತಿರುವುದು ಅವಶ್ಯಕ.

2019ರ ಏಪ್ರಿಲ್ 1ಕ್ಕೆ ಮೊದಲು ಅರ್ಹ ಯೋಜನೆಗಳಿಗೆ ಭೂಮಿಯ ಮೌಲ್ಯ ಕಳೆದ ನಂತರದ ಪರಿಣಾಮಕಾರಿ ದರ ಶೇ. 8 ಆಗಿತ್ತು, ಸಾಮಗ್ರಿಗಳ ಮೇಲೆ ತೆತ್ತ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ಹೊಂದಿಸಿಕೊಳ್ಳಲು ಅವಕಾಶವಿತ್ತು. ಅಂದಿನಿಂದ ಆರಂಭವಾದ ಯೋಜನೆಗಳಿಗೆ ದರ ಶೇ. 1, ಕ್ರೆಡಿಟ್ ಇಲ್ಲ. ಮನೆಯ ಬೆಲೆ 45 ಲಕ್ಷ ರೂಪಾಯಿ ಮೀರಬಾರದು. ಕಾರ್ಪೆಟ್ ವಿಸ್ತೀರ್ಣ ಬೆಂಗಳೂರಿನಂತಹ ಮಹಾನಗರಗಳಲ್ಲಿ 60, ಇತರೆಡೆ 90 ಚದರ ಮೀಟರ್ ಮೀರಬಾರದು. ಕರ್ನಾಟಕದಲ್ಲಿ ಬೆಂಗಳೂರನ್ನು ಬಿಟ್ಟು ಉಳಿದೆಲ್ಲ ಊರುಗಳಿಗೆ 90 ಚದರ ಮೀಟರ್ ಮಿತಿಯೇ ಅನ್ವಯ.

ಒಂದು ಕಲ್ಪಿತ ಉದಾಹರಣೆಯನ್ನು ನೋಡಬಹುದು. ಮನೆಯ ಬೆಲೆ 30 ಲಕ್ಷ ರೂ.; ಸಾಮಗ್ರಿ ಮತ್ತು ಸೇವೆಗಳ ಮೇಲೆ ತೆತ್ತ ತೆರಿಗೆ 2 ಲಕ್ಷ ರೂ. ಎಂದಿಟ್ಟುಕೊಳ್ಳೋಣ. ಹಳೆಯ ಪದ್ಧತಿಯಲ್ಲಿ ಖರೀದಿದಾರನು 2.40 ಲಕ್ಷ ತೆರಿಗೆ ಸೇರಿಸಿ 32.40 ಲಕ್ಷ ಕೊಡುತ್ತಿದ್ದನು. ನಿರ್ಮಾಣಗಾರನು 2 ಲಕ್ಷದ ಕ್ರೆಡಿಟ್ ಕಳೆದು 40 ಸಾವಿರ ಮಾತ್ರ ನಗದಾಗಿ ಪಾವತಿಸುತ್ತಿದ್ದನು. ಈಗ ಆ 2 ಲಕ್ಷ ವೆಚ್ಚವೇ ಆಗುತ್ತದೆ. ಅದನ್ನು ಬೆಲೆಗೆ ಸೇರಿಸಿದರೆ 32 ಲಕ್ಷ, ಶೇ. 1 ತೆರಿಗೆ ಸೇರಿ 32.32 ಲಕ್ಷ. ಖರೀದಿದಾರನಿಗೆ ಉಳಿಯುವುದು 8 ಸಾವಿರ ಮಾತ್ರ. ಸೇರಿಸದಿದ್ದರೆ ನಷ್ಟ ನಿರ್ಮಾಣಗಾರನದು. ಕ್ರೆಡಿಟ್ ದುಡಿಯುವ ಬಂಡವಾಳಕ್ಕೆ ಸಮಾನವಾದುದರಿಂದ, ಅಷ್ಟು ಹಣವನ್ನು ಆತನು ಬೇರೆಡೆಯಿಂದ ಹೊಂದಿಸಬೇಕಾಗುತ್ತದೆ.

ಎರಡನೆಯ ಷರತ್ತು ಪೂರೈಕೆದಾರರಿಗೆ ಸಂಬಂಧಿಸಿದುದು. ಯೋಜನೆಗೆ ಪಡೆದ ಸರಕು ಹಾಗೂ ಸೇವೆಗಳ ಮೌಲ್ಯದಲ್ಲಿ ಶೇ. 80ರಷ್ಟು ನೋಂದಾಯಿತರಿಂದ ಬಂದಿರಬೇಕು. ವಿದ್ಯುತ್, ಡೀಸೆಲ್, ಪೆಟ್ರೋಲ್ ಈ ಲೆಕ್ಕಕ್ಕೆ ಬರುವುದಿಲ್ಲ. ಕೊರತೆಯಾದ ಮೊತ್ತದ ಮೇಲೆ ನಿರ್ಮಾಣಗಾರನೇ ರಿವರ್ಸ್ ಚಾರ್ಜ್ ಪ್ರಕಾರ ಶೇ. 18 ತೆರಬೇಕು. ವರ್ಷದ ಖರೀದಿ 1 ಕೋಟಿ, ನೋಂದಾಯಿತರಿಂದ 60 ಲಕ್ಷ ಎಂದಾದರೆ ಕೊರತೆ 20 ಲಕ್ಷ, ತೆರಿಗೆ 3.60 ಲಕ್ಷ. ಆರ್ಥಿಕ ವರ್ಷ ಮುಗಿದ ನಂತರದ ಜೂನ್ ತಿಂಗಳೊಳಗೆ ಇದನ್ನು ಪಾವತಿಸತಕ್ಕದ್ದು. ಸಿಮೆಂಟ್ ಅನ್ನು ನೋಂದಾಯಿಸದವರಿಂದ ಕೊಂಡರೆ, ಶೇ. 80ರ ಮಿತಿ ತಲುಪಿದ್ದರೂ ಅದರ ದರದಲ್ಲೇ ತೆರಿಗೆ ಬೀಳುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟ್ ದರ ಶೇ. 28ರಿಂದ 18ಕ್ಕೆ ಇಳಿದಿರುವುದು, ಕ್ರೆಡಿಟ್ ಇಲ್ಲದ ನಿರ್ಮಾಣಗಾರನಿಗೆ ನೇರವಾದ ಉಳಿತಾಯ.

ಟ್ರ್ಯಾಕ್ಟರ್‌ನಲ್ಲಿ ಮರಳು ತರುವವರು, ನೋಂದಣಿ ಇಲ್ಲದ ಮೇಸ್ತ್ರಿ ಗುತ್ತಿಗೆದಾರರು ಸಣ್ಣ ಪಟ್ಟಣದಲ್ಲಿ ಸಾಮಾನ್ಯ. ಈ ನಿಯಮದಿಂದ ಅವರ ಸರಕಿನ ಅಗ್ಗದ ಬೆಲೆಯೂ ದುಬಾರಿಯಾಗಬಹುದು. ಆದ್ದರಿಂದ ವಹಿವಾಟು ಮಿತಿಯೊಳಗಿದ್ದರೂ ಸ್ವಇಚ್ಛೆಯಿಂದ ನೋಂದಾಯಿಸಿಕೊಂಡ ಪೂರೈಕೆದಾರರಿಗೆ ಯೋಜನೆಗಳ ಬೇಡಿಕೆ ಉಳಿಯುವ ಸಂಭವ ಹೆಚ್ಚು. ಇಟ್ಟಿಗೆ ಹಾಗೂ ಮಣ್ಣಿನ ಹೆಂಚು ತಯಾರಕರಿಗೆ 2022ರ ಏಪ್ರಿಲ್ 1ರಿಂದ ರಾಜಿ ತೆರಿಗೆ ಪದ್ಧತಿ ಲಭ್ಯವಿಲ್ಲ. 40 ಲಕ್ಷದ ಬದಲು 20 ಲಕ್ಷ ವಹಿವಾಟು ಮೀರಿದರೇ ನೋಂದಣಿ ಕಡ್ಡಾಯ ಎಂಬುದನ್ನು ಗಮನಿಸಬೇಕು.

ಆದಾಯ ತೆರಿಗೆಯಲ್ಲಿ 80-ಐಬಿಎ ಕಲಮಿನಡಿ ಇಂತಹ ಯೋಜನೆಗಳ ಲಾಭಕ್ಕೆ ಇದ್ದ ಪೂರ್ಣ ಕಡಿತವೂ 2022ರ ಮಾರ್ಚ್ 31ರ ನಂತರ ಅನುಮೋದನೆ ಪಡೆದವುಗಳಿಗೆ ಸಿಗುವುದಿಲ್ಲ. ಹೀಗಾಗಿ ಹಳೆಯ ಅಂದಾಜು ಪಟ್ಟಿಯ ಆಧಾರದ ಮೇಲೆ ಬೆಲೆ ಒಪ್ಪಿಕೊಳ್ಳುವುದು ಅಪಾಯಕರ. ಮುಂಗಡ ಸ್ವೀಕರಿಸುವ ಮೊದಲೇ, ದೊರೆಯದ ಕ್ರೆಡಿಟ್ಟನ್ನು ವೆಚ್ಚವೆಂದು ಬರೆದು, ಪ್ರತಿ ಯೋಜನೆಗೂ ಪ್ರತ್ಯೇಕ ಖರೀದಿ ಲೆಕ್ಕವನ್ನಿಟ್ಟು, ಶೇ. 80ರ ಅನುಪಾತವನ್ನು ತಿಂಗಳು ತಿಂಗಳೂ ಪರಿಶೀಲಿಸುವುದು ಕ್ಷೇಮ. ವರ್ಷಾಂತ್ಯದಲ್ಲಿ ಕೊರತೆ ತಿಳಿದರೆ ಅದನ್ನು ಸರಿಪಡಿಸಲು ಉಳಿಯುವ ಮಾರ್ಗ ತೆರಿಗೆ ಪಾವತಿಯೊಂದೇ.