ಬರ, ದುಷ್ಕಾಳ, ಟಂಚಾಯಿ: ಒಂದೇ ಕಷ್ಟಕ್ಕೆ ಎಷ್ಟು ಹೆಸರು?

ಜತ್ತ: "ನಮ್ಮೂರಿಗೆ ಬರ ಬಿದ್ದೈತ್ರಿ ಸಾಹೇಬ್ರ" ಎಂದು ಉಮದಿ ಕಡೆಯ ರೈತನೊಬ್ಬ ಸರಕಾರಿ ಕಚೇರಿಯಲ್ಲಿ ಹೇಳುತ್ತಾನೆ. ಮೇಜಿನ ಆಚೆಯಿಂದ ಮರಾಠಿಯಲ್ಲಿ ಉತ್ತರ ಬರುತ್ತದೆ: "ಕಾಕಾ, ದುಷ್ಕಾಳ ಜಾಹೀರ ಝಾಲೇಲಾ ನಾಹೀ." ಇಬ್ಬರೂ ಸುಳ್ಳು ಹೇಳುತ್ತಿಲ್ಲ. ರೈತ ಹೇಳಿದ್ದು ಹೊಲದ ಮಾತು, ಕಾರಕೂನ ಹೇಳಿದ್ದು ಕಾಗದದ ಮಾತು. ಎರಡು ಭಾಷೆಗಳ ನಡುವೆ ಬದುಕುವ ನಾವು ಈ ವ್ಯತ್ಯಾಸವನ್ನು ತಿಳಿದುಕೊಳ್ಳುವುದು ಒಳ್ಳೆಯದು.

ನಮ್ಮ ಮಕ್ಕಳು ಶಾಲೆಯಲ್ಲಿ 'ಡ್ರೌಟ್' ಎಂದರೆ ಬರ ಎಂದು ಬಾಯಿಪಾಠ ಮಾಡುತ್ತಾರೆ. 'ಫ್ಯಾಮಿನ್' ಎಂದರೂ ಬರ, 'ಸ್ಕೇರ್ಸಿಟಿ' ಎಂದರೂ ಬರ ಎಂದೇ ಬರೆಯುತ್ತಾರೆ. ಆದರೆ ಇಂಗ್ಲಿಷಿನಲ್ಲಿ ಈ ಮೂರೂ ಬೇರೆ ಬೇರೆ.

ಮಳೆಯ ಬರ, ಅನ್ನದ ಬರ

ಮಳೆ ಕೈಕೊಟ್ಟು, ಭೂಮಿಯ ತೇವ ಆರಿ, ಬಾವಿ ಬತ್ತಿದರೆ ಅದು ಡ್ರೌಟ್. ಜನರಿಗೆ ತಿನ್ನಲು ಅನ್ನ ಸಿಗದೆ ಸಾವುನೋವು ಆದರೆ ಅದು ಫ್ಯಾಮಿನ್. ಮೊದಲನೆಯದು ಬಂದ ಕೂಡಲೇ ಎರಡನೆಯದು ಬರಲೇಬೇಕೆಂದಿಲ್ಲ. 1943ರ ಬಂಗಾಳದ ಫ್ಯಾಮಿನ್‌ಗೆ ಮಳೆಯ ಕೊರತೆಗಿಂತ ಯುದ್ಧ ಕಾಲದ ಬೆಲೆ ಏರಿಕೆ ಮತ್ತು ಆಡಳಿತದ ವೈಫಲ್ಯವೇ ದೊಡ್ಡ ಕಾರಣವಾಗಿತ್ತು.

ಕನ್ನಡದಲ್ಲೂ ಈ ಭೇದ ಇದೆ. ಮಳೆ ಬಾರದಿರುವುದು ಅನಾವೃಷ್ಟಿ, ಅನ್ನವಿಲ್ಲದಿರುವುದು ಕ್ಷಾಮ. 'ಬರ' ಮಾತ್ರ ಎರಡಕ್ಕೂ ಸಲ್ಲುತ್ತದೆ. ಹಣಕ್ಕೂ ಬರ, ಬುದ್ಧಿಗೂ ಬರ ಎನ್ನುತ್ತೇವಲ್ಲ! 1791-92ರ ಡೋಗಿ ಬರಕ್ಕೆ ಆ ಹೆಸರು ಬಂದದ್ದು ಎಲ್ಲೆಂದರಲ್ಲಿ ಬಿದ್ದಿದ್ದ ತಲೆಬುರುಡೆಗಳಿಂದ. 1876-78ರ ಬರಕ್ಕೆ ಆ ಸಂವತ್ಸರಗಳ ಮೇಲಿಂದ ಧಾತು-ಈಶ್ವರ ಬರ ಎಂಬ ಹೆಸರಾಯಿತು. ಇವೆರಡೂ ಕ್ಷಾಮಗಳೇ.

ಮರಾಠಿಯ 'ದುಷ್ಕಾಳ' ಎಂದರೆ ಕೆಟ್ಟ ಕಾಲ. ನಮ್ಮ 'ಬರಗಾಲ'ದಲ್ಲೂ ಕಾಲ ಇದೆ. ಆಡುಮಾತಿನಲ್ಲಿ ಎರಡೂ ಒಂದೇ. ಸರಕಾರಿ ಕಾಗದಕ್ಕೆ ಬಂದಾಗ ದಾರಿ ಬೇರೆಯಾಗುತ್ತದೆ.

ಕಾನೂನಿನಿಂದಲೇ ಅಳಿಸಿದ ಶಬ್ದ

ಬಹಳ ಜನರಿಗೆ ತಿಳಿಯದ ಸಂಗತಿಯೊಂದಿದೆ. 1963ರಲ್ಲಿ ಮಹಾರಾಷ್ಟ್ರ ಸರಕಾರ ಒಂದು ಕಾಯ್ದೆ ಮಾಡಿ, ರಾಜ್ಯದ ಕಾನೂನುಗಳಲ್ಲಿದ್ದ 'ಫ್ಯಾಮಿನ್' ಶಬ್ದವನ್ನೇ ತೆಗೆದುಹಾಕಿ ಆ ಜಾಗದಲ್ಲಿ 'ಸ್ಕೇರ್ಸಿಟಿ' ಎಂದು ಸೇರಿಸಿತು. ಕೊರತೆಯ ಲಕ್ಷಣ ಕಂಡ ಕೂಡಲೇ ಸರಕಾರ ಪರಿಹಾರ ಕೊಡುವುದರಿಂದ ಫ್ಯಾಮಿನ್ ಬರಲು ಅವಕಾಶವೇ ಇಲ್ಲ ಎಂಬುದು ಅದರ ವಾದ. ಸ್ಕೇರ್ಸಿಟಿಗೆ ಮರಾಠಿಯಲ್ಲಿ 'ಟಂಚಾಯಿ', ಅಂದರೆ ಕೊರತೆ.

ಹತ್ತು ವರ್ಷ ತುಂಬುವುದರೊಳಗೆ 1972 ಬಂತು. ಕಾಗದದ ಮೇಲೆ ಅದು ಸ್ಕೇರ್ಸಿಟಿ. ಖಡಿ ಒಡೆದು ಹೊಟ್ಟೆ ಹೊರೆದ ಜನರಿಗೆ ಅದು ಇಂದಿಗೂ 'ಎಪ್ಪತ್ತೆರಡರ ಬರ'. ಆ ಬರದ ಅನುಭವದಿಂದಲೇ ರೋಜಗಾರ ಹಮಿ ಯೋಜನೆ ಬೆಳೆದು, 1977ರಲ್ಲಿ ಕಾಯ್ದೆಯಾಯಿತು.

ಇಂದಿನ ನಾಲ್ಕು ಮೆಟ್ಟಿಲು

ಈಗ ಕಚೇರಿಗಳಲ್ಲಿ ಬಳಕೆಯಲ್ಲಿರುವ ಶಬ್ದಗಳು ಹೀಗಿವೆ.

ಅವರ್ಷಣಪ್ರವಣ: ಮೇಲಿಂದ ಮೇಲೆ ಮಳೆ ತಪ್ಪುವ ಪ್ರದೇಶ. ಜತ್ತ ತಾಲೂಕಿಗೆ ಈ ಹೆಸರು ಹಳೆಯದು. ಇದು ನೆಲದ ಸ್ವಭಾವ ಹೇಳುತ್ತದೆಯೇ ಹೊರತು ಈ ವರ್ಷ ಬರ ಬಿದ್ದಿದೆ ಎಂದು ಹೇಳುವುದಿಲ್ಲ.

ಪಾಣೀ ಟಂಚಾಯಿ: ಕುಡಿಯುವ ನೀರಿನ ಕೊರತೆ. ಟ್ಯಾಂಕರ್, ಬಾವಿ-ಬೋರು ವಶಕ್ಕೆ ಪಡೆಯುವುದು ಈ ಶಬ್ದದ ಕೆಳಗೆ ನಡೆಯುತ್ತದೆ.

ದುಷ್ಕಾಳಸದೃಶ: ಬರದಂಥ ಸ್ಥಿತಿ. ಭೂಕಂದಾಯದಲ್ಲಿ ಸವಲತ್ತು, ಕೃಷಿ ಪಂಪಿನ ವಿದ್ಯುತ್ ಬಿಲ್ಲಿನಲ್ಲಿ ಶೇ. 33.5 ರಿಯಾಯಿತಿ, ಸಾಲ ವಸೂಲಿಗೆ ತಡೆ, ವಿದ್ಯಾರ್ಥಿಗಳ ಪರೀಕ್ಷಾ ಶುಲ್ಕ ಮಾಫಿ ಮುಂತಾದವು ಸಿಗುತ್ತವೆ.

ದುಷ್ಕಾಳ: ಕೇಂದ್ರದ 2016ರ ಕೈಪಿಡಿಯ ಪ್ರಕಾರ ಮಳೆ, ಬಿತ್ತನೆ, ಮಣ್ಣಿನ ತೇವ, ಉಪಗ್ರಹ ಚಿತ್ರ, ಜಲಾಶಯ-ಅಂತರ್ಜಲ ಎಲ್ಲ ನೋಡಿ, ಹೊಲಕ್ಕೆ ಹೋಗಿ ಪರೀಕ್ಷಿಸಿ ಘೋಷಿಸುವಂಥದ್ದು. ಇದರಲ್ಲೂ 'ಮಧ್ಯಮ', 'ಗಂಭೀರ' ಎಂದು ಎರಡು. ಕೇಂದ್ರದ ವಿಪತ್ತು ನಿಧಿ ಕೇಳಬೇಕಾದರೆ ಗಂಭೀರವೇ ಆಗಿರಬೇಕು. ಈ ಕೈಪಿಡಿ ಬಂದ ಮೇಲೆ ನಮಗೆ ಪರಿಚಯವಿದ್ದ 50 ಪೈಸೆಯ ಪೈಸೇವಾರಿಯೊಂದೇ ಬರ ಸಾರಲು ಆಧಾರವಾಗಿ ಉಳಿದಿಲ್ಲ.

ಶಬ್ದದ ಬೆಲೆ ಎಷ್ಟು?

2016ರ ಮೇ ತಿಂಗಳಲ್ಲಿ ಈ ಪ್ರಶ್ನೆ ಮುಂಬಯಿ ಹೈಕೋರ್ಟಿನಲ್ಲೇ ಬಂತು. ಆಗ ರಾಜ್ಯ ಸರಕಾರ 29 ಸಾವಿರಕ್ಕೂ ಹೆಚ್ಚು ಹಳ್ಳಿಗಳ ವಿಷಯದಲ್ಲಿ 'ದುಷ್ಕಾಳಸದೃಶ' ಎಂದಿರುವಲ್ಲಿ 'ದುಷ್ಕಾಳ' ಎಂದು ಓದಿಕೊಳ್ಳಬೇಕೆಂದು ಆದೇಶ ಹೊರಡಿಸಿತು. ಅದೇ ವರ್ಷ ಹವಾಮಾನ ಇಲಾಖೆ ಮಾತ್ರ ತನ್ನ ವರದಿಗಳಿಂದ 'ಡ್ರೌಟ್' ಶಬ್ದ ಕೈಬಿಟ್ಟು 'ಕೊರತೆಯ ವರ್ಷ' ಎನ್ನಲು ನಿರ್ಧರಿಸಿತು. ಬರ ಸಾರುವುದು ರಾಜ್ಯಗಳ ಕೆಲಸ, ನಮ್ಮದು ಮಳೆ ಅಳೆಯುವ ಕೆಲಸ ಎಂಬ ಲೆಕ್ಕ.

2023ರ ಅಕ್ಟೋಬರ್ 31ರಂದು ಮಹಾರಾಷ್ಟ್ರ 40 ತಾಲೂಕುಗಳಲ್ಲಿ ದುಷ್ಕಾಳ ಸಾರಿತು. ಸಾಂಗಲಿ ಜಿಲ್ಲೆಯಿಂದ ಶಿರಾಳಾ, ಕಡೇಗಾವ, ಖಾನಾಪುರ, ಮೀರಜ ಇದ್ದವು. ಜತ್ತ ಇರಲಿಲ್ಲ! ಚಾಂದೋಲಿ ಧರಣದ ಮಗ್ಗುಲಿನ ಶಿರಾಳಾ ಇದ್ದು, ಬರಕ್ಕೇ ಹೆಸರಾದ ಜತ್ತ ಇಲ್ಲದ್ದು ಜನರಿಗೆ ಸೋಜಿಗವೆನಿಸಿತು. ಅಳತೆ ಮಾಡುವುದು ಆ ವರ್ಷದ ಮಳೆ-ಬೆಳೆಯನ್ನೇ ಹೊರತು ಊರಿನ ಹಳೆಯ ಕಷ್ಟವನ್ನಲ್ಲ ಎಂಬುದು ಇದಕ್ಕೆ ಕಾರಣ. ಮುಂದೆ ನವೆಂಬರಿನಲ್ಲಿ ರಾಜ್ಯದ ಸಾವಿರದಷ್ಟು ಮಹಸೂಲ ಮಂಡಲಗಳನ್ನು ದುಷ್ಕಾಳಸದೃಶ ಎಂದು ಸೇರಿಸಲಾಯಿತು.

ಅದೇ ವರ್ಷ ಸೆಪ್ಟೆಂಬರಿನಲ್ಲಿ ಗಡಿಯಾಚೆ ಕರ್ನಾಟಕ 195 ತಾಲೂಕುಗಳನ್ನು 'ಬರಪೀಡಿತ' ಎಂದು ಸಾರಿತ್ತು. ಬಳಿಕ ಅದು 223ಕ್ಕೆ ಏರಿತು. ಅಥಣಿ, ಇಂಡಿ ಕಡೆಯ ಬೀಗರ ಬಾಯಲ್ಲಿ 'ಬರಪೀಡಿತ' ಎಂದು ಕೇಳಿ ನಮಗೂ ಅಷ್ಟೇ ಸಿಗುತ್ತದೆ ಎಂದು ತಿಳಿಯುವುದು ತಪ್ಪು. ಕೈಪಿಡಿ ಒಂದೇ ಆದರೂ ಪಟ್ಟಿ ಮಾಡುವ ರಾಜ್ಯ ಬೇರೆ.

ಅರ್ಜಿ ಬರೆಯುವಾಗ

ಕನ್ನಡದಲ್ಲಿ ಯೋಚಿಸಿ ಮರಾಠಿಯಲ್ಲಿ ಅರ್ಜಿ ಬರೆಯುವ ನಮ್ಮವರು 'ಬರ' ಇದ್ದಲ್ಲೆಲ್ಲ 'ದುಷ್ಕಾಳ' ಎಂದು ಬರೆದುಬಿಡುತ್ತಾರೆ. ಬೇಕಾದದ್ದು ಕುಡಿಯುವ ನೀರಿನ ಟ್ಯಾಂಕರ್ ಆದರೆ ಗ್ರಾಮ ಪಂಚಾಯತಿ ಠರಾವಿನಲ್ಲಿ 'ಪಾಣೀ ಟಂಚಾಯಿ' ಎಂದಿರಲಿ. ಅದಕ್ಕೆ ದುಷ್ಕಾಳ ಘೋಷಣೆಗಾಗಿ ಕಾಯಬೇಕಿಲ್ಲ. ಬಿಲ್ಲು, ಶುಲ್ಕದ ರಿಯಾಯಿತಿ ಕೇಳುವುದಾದರೆ ನಮ್ಮ ಮಂಡಲ ಯಾವ ಪಟ್ಟಿಯಲ್ಲಿದೆ, ಆದೇಶದಲ್ಲಿ ಯಾವ ಶಬ್ದವಿದೆ ಎಂದು ಮೊದಲು ತಲಾಠಿಯವರನ್ನು ಕೇಳಿ, ಅದೇ ಶಬ್ದ ಬರೆಯಿರಿ.

ಮನೆಯಲ್ಲಿ, ಕಟ್ಟೆಯ ಮೇಲೆ ಬರ ಎಂದೇ ಅನ್ನೋಣ. ಕಚೇರಿಯ ಹೊಸ್ತಿಲು ದಾಟುವಾಗ ಮಾತ್ರ ಯಾವ ಬರ ಎಂದು ಕೇಳಿಕೊಳ್ಳೋಣ.