ಜೊಲ್ಲಿಗೆ ಬಯಕೆಯ ಹಂಗಿಲ್ಲ

ಸೈದಾಪುರದ ಕಡೆ ಕುಬಸದ ಮನೆಯಲ್ಲಿ ಬಸುರಿಯ ತಟ್ಟೆಗೆ ಇನ್ನೊಂದು ಹೋಳಿಗೆ ಬೀಳುವಾಗ ಹಿರಿಯರ ಮಾತೂ ಜತೆಗೇ ಬೀಳುತ್ತದೆ: "ಬಯಕಿ ಉಳಿಸ್ಕೋಬ್ಯಾಡವ್ವ, ಕೂಸಿಗಿ ಜೊಲ್ಲು ಸುರಿತದ." ಮುಂದೆ ಕೂಸಿನ ಅಂಗಿ ಎದೆಯ ಮೇಲೆ ಒದ್ದೆಯಾದರೆ ಸಾಕು, ತಾಯಿ ಏನು ತಿನ್ನದೆ ಬಿಟ್ಟಳೆಂಬ ವಿಚಾರಣೆ ಶುರು. ಅಕ್ಕರೆಯಿಂದ ತಿನ್ನಿಸುವುದಕ್ಕೆ ನನ್ನ ತಕರಾರಿಲ್ಲ, ತಾಯಿಯ ತಲೆಗೆ ತಪ್ಪು ಕಟ್ಟುವುದಕ್ಕಿದೆ.

ಕುಬಸದ ಹೊತ್ತಿಗೆ ಜೊಲ್ಲಿನ ಗ್ರಂಥಿಗಳ ಅಡಿಪಾಯ ಮುಗಿದು ತಿಂಗಳುಗಳೇ ಆಗಿರುತ್ತವೆ. ಗರ್ಭ ನಿಂತ 6ನೇ ವಾರ, ಭ್ರೂಣ ಒಂದು ಸೆಂಟಿಮೀಟರಿನಷ್ಟಿರುವಾಗ, ಬಾಯಿಯ ಒಳಪದರ ಕೆನ್ನೆಯ ಬಳಿ ಮೊಗ್ಗಿನಂತೆ ಒಳಕ್ಕೆ ಚಾಚುತ್ತದೆ. ಕಿವಿಯ ಮುಂದಿನ ದೊಡ್ಡ ಗ್ರಂಥಿ ಹುಟ್ಟುವುದು ಹೀಗೆ. ಅದರ ಬೆನ್ನಿಗೇ ದವಡೆಯ ಕೆಳಗಿನದು, 8ನೇ ವಾರದಲ್ಲಿ ನಾಲಿಗೆಯ ಕೆಳಗಿನದು. ಒಂದೊಂದು ಮೊಗ್ಗೂ ತೊಗರಿ ಗಿಡದ ಹಾಗೆ ಕವಲೊಡೆಯುತ್ತ ಹೋಗುತ್ತದೆ. ಮೊದಲು ಈ ಕವಲುಗಳೆಲ್ಲ ಗಟ್ಟಿ. ಆಮೇಲೆ ನಡುವಿನ ಕೋಶಗಳು ಸತ್ತು ಟೊಳ್ಳಾಗಿ, ರಸ ಹರಿಯುವ ನಾಳಗಳಾಗುತ್ತವೆ. ಕವಲೊಡೆಯಲು ಅಪ್ಪಣೆ ಬರುವುದು ಸುತ್ತಲಿನ ಅಂಗಾಂಶದಿಂದ. ಇಲಿಯ ಭ್ರೂಣದ ಗ್ರಂಥಿಯಿಂದ ಆ ಅಂಗಾಂಶವನ್ನು ಬೇರ್ಪಡಿಸಿದರೆ ಕವಲು ಮೂಡುವುದಿಲ್ಲವೆಂದು ಜೀವವಿಜ್ಞಾನಿ ಕ್ಲಿಫರ್ಡ್ ಗ್ರೋಬ್‌ಸ್ಟೈನ್ 1953ರಲ್ಲೇ ತೋರಿಸಿದ್ದರು. ಹೋಳಿಗೆಗೆ, ಹುಣಸೆಗೆ ಇಲ್ಲಿ ಕೆಲಸವಿಲ್ಲ.

ಕೂಸು ಹುಟ್ಟಿದ ಮೇಲೆಯೇ ಗ್ರಂಥಿಗಳು ಕೆಲಸ ಶುರು ಮಾಡುತ್ತವೆ ಅನ್ನುವುದೂ ಸುಳ್ಳು. ದವಡೆಯ ಕೆಳಗಿನದು ಸುಮಾರು 16ನೇ ವಾರಕ್ಕೆ, ಕಿವಿಯ ಮುಂದಿನದು 18ನೇ ವಾರಕ್ಕೆ ರಸ ಒಸರತೊಡಗುತ್ತವೆ. ಕೂಸು ಅಷ್ಟರಲ್ಲಿ ನುಂಗುವುದನ್ನೂ ಕಲಿತಿರುತ್ತದೆ. ದಿನ ತುಂಬುವಾಗ ದಿನಕ್ಕೆ ಅರ್ಧ ಲೀಟರಿಗೂ ಹೆಚ್ಚು ಗರ್ಭದ ನೀರು ಕುಡಿಯುತ್ತದೆ.

ಹಾಗಾದರೆ ಹುಟ್ಟಿದ ಮೂರನೇ ತಿಂಗಳಿಗೆ ಕೂಸಿಗೆ ಜೊಲ್ಲು ಯಾಕೆ? ಹಲ್ಲು ಬರುತ್ತಿದೆ ಅನ್ನುವುದು ಅರ್ಧ ಮಾತು. ಹಲ್ಲು ಹೆಚ್ಚಾಗಿ ಆರನೇ ತಿಂಗಳ ಆಸುಪಾಸಿನದು. ಹುಟ್ಟಿದ ಮೇಲೂ ಗ್ರಂಥಿಗಳು ಬೆಳೆಯುತ್ತ ರಸ ಹೆಚ್ಚುತ್ತದೆ, ಅದನ್ನು ಆಗಾಗ ನುಂಗುವ ರೂಢಿ ಕೂಸಿಗೆ ಬಂದಿರುವುದಿಲ್ಲ, ತಡೆಯಲು ಮುಂದಿನ ಹಲ್ಲೂ ಇಲ್ಲ. ಒಂದೂವರೆ, ಎರಡು ವರ್ಷದವರೆಗೆ ಇದು ಸಹಜ. ಜೊಲ್ಲು ಬಂತೆಂದು ಗಂಜಿ ಕುಡಿಸಲು ಹೊರಡಬೇಡಿ. ಪಿಷ್ಟ ಕರಗಿಸುವ ಅಮೈಲೇಸ್ ಎಳೆಗೂಸಿನ ಜೊಲ್ಲಿನಲ್ಲಿ ಬಹಳ ಕಡಿಮೆ. ಆರು ತಿಂಗಳು ಎದೆಹಾಲೇ ಸಾಕು.

ಹೆದರಬೇಕಾದ ಜೊಲ್ಲು ಬೇರೆಯೇ ಇದೆ. ಹುಟ್ಟಿದ ಕೆಲವೇ ಗಂಟೆಗಳಲ್ಲಿ ಬಾಯಲ್ಲಿ ನೊರೆ ನೊರೆ ಜೊಲ್ಲು ತುಂಬಿ, ಕೂಸು ಕೆಮ್ಮಿ ನೀಲಿಗಟ್ಟಿದರೆ ಅನ್ನನಾಳ ಹೊಟ್ಟೆಗೆ ಕೂಡಿಲ್ಲದಿರಬಹುದು. ಇಂಥ ಕೂಸು ಗರ್ಭದಲ್ಲೂ ನೀರು ನುಂಗಲಾರದು, ಹಾಗಾಗಿ ಸ್ಕ್ಯಾನಿಂಗಿನಲ್ಲಿ ಗರ್ಭದ ನೀರು ಹೆಚ್ಚು ಕಾಣುವುದೇ ಕೆಲವೊಮ್ಮೆ ಮೊದಲ ಸುಳಿವು. ಅಂಥ ಕೂಸಿಗೆ ಹಾಲು, ಸಕ್ಕರೆ ನೀರು ಒಂದು ಹನಿಯನ್ನೂ ಹಾಕದೆ ಕೂಡಲೇ ದೊಡ್ಡಾಸ್ಪತ್ರೆಗೆ ಒಯ್ಯಬೇಕು. ಅದಕ್ಕೆ ಶಸ್ತ್ರಚಿಕಿತ್ಸೆಯೇ ದಾರಿ.