ನೀರಿನ ದೋಷವೋ, ಕಿಟ್ಟಿನ ದೋಷವೋ?

ಟ್ಯಾಂಕಿಗೆ ಉಪ್ಪುನೀರು ತುಂಬಿ ಹದಿನೈದು ದಿನ ಕಳೆದಿದೆ. ಮೀನು ಇನ್ನೂ ಬಿಟ್ಟಿಲ್ಲ. ಪರೀಕ್ಷಾ ಕಿಟ್‌ನಲ್ಲಿ ಅಳೆದರೆ ಅಮೋನಿಯಾ 0.25 ಪಿಪಿಎಂ, ನೈಟ್ರೈಟ್ ಕಡುನೇರಳೆ, ನೈಟ್ರೇಟ್ 80, ಪಿಎಚ್ 7.8. ಹೊಸದಾಗಿ ಕಡಲ ಅಕ್ವೇರಿಯಂನ ಗೀಳು ಹತ್ತಿಸಿಕೊಂಡವರಲ್ಲಿ ಅನೇಕರು ಈ ಹಂತದಲ್ಲಿ ಅಂಗಡಿಗೆ ಓಡುತ್ತಾರೆ. ಅಮೋನಿಯಾ ಇಳಿಸುವ ದ್ರಾವಣ, ಪಿಎಚ್ ಏರಿಸುವ ಪುಡಿ ಎಂದು ಬಾಟಲಿಗಳನ್ನು ಹೊತ್ತು ತರುತ್ತಾರೆ. ಆದರೆ ಈ ನಾಲ್ಕು ಅಂಕಿಗಳಲ್ಲಿ ಖಚಿತವಾಗಿ ನಂಬಬಹುದಾದದ್ದು ನೈಟ್ರೈಟ್ ಒಂದೇ. ಉಳಿದ ಮೂರಕ್ಕೆ ನೀರಿನ ಮೇಲೆ ಗೂಬೆ ಕೂರಿಸುವ ಮುನ್ನ ಸ್ವಲ್ಪ ವಿಚಾರಣೆ ನಡೆಯಬೇಕು.

ಆಗಬೇಕಾದದ್ದು ಏನು?

ಮೀನಿನ ಮಲ ಮತ್ತು ಉಳಿದ ಆಹಾರ ಕೊಳೆತು ಅಮೋನಿಯಾ ಆಗುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆಯದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಈ ಜೀವಿಗಳ ಗುಟ್ಟನ್ನು 1890ರ ಸುಮಾರಿಗೆ ಬಿಡಿಸಿಟ್ಟವರು ಸೂಕ್ಷ್ಮಜೀವಿ ವಿಜ್ಞಾನಿ ಸೆರ್ಗೇ ವಿನೊಗ್ರಾಡ್‌ಸ್ಕಿ. ಹೊಸ ಟ್ಯಾಂಕಿನಲ್ಲಿ ಇವು ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಹವ್ಯಾಸಿಗಳು 'ಸೈಕ್ಲಿಂಗ್' ಎನ್ನುವುದು ಇದನ್ನೇ.

ನಮ್ಮ ದೇಶದಲ್ಲಿ ಕಲ್ಲುಹವಳಗಳಿಗೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಅವನ್ನು ಸಮುದ್ರದಿಂದ ಕಿತ್ತು ಮಾರುವಂತಿಲ್ಲ. ಹಾಗಾಗಿ ಟ್ಯಾಂಕಿಗೆ ಹವಳದ ಕಲ್ಲಿನ ಬದಲು ಒಣ ಕಲ್ಲನ್ನೋ ಕೃತಕ ಕಲ್ಲನ್ನೋ ಬಳಸುವವರೇ ಹೆಚ್ಚು. ಒಣ ಕಲ್ಲಿನಲ್ಲಿ ಬ್ಯಾಕ್ಟೀರಿಯಾವೂ ಇಲ್ಲ, ಅದಕ್ಕೆ ಬೇಕಾದ ಅಮೋನಿಯಾವೂ ಇಲ್ಲ. ಮೊದಲ ವಾರವೇ ಅಮೋನಿಯಾ ಸೊನ್ನೆ ಬಂತೆಂದು ಹಿಗ್ಗುವಂತಿಲ್ಲ. ಅಲ್ಲಿ ಸೈಕಲ್ ಮುಗಿದಿಲ್ಲ, ಶುರುವೇ ಆಗಿಲ್ಲ. ಅಮೋನಿಯಾವನ್ನು 2 ಪಿಪಿಎಂ ಆಗುವಷ್ಟು ಹಾಕಿ, 24 ಗಂಟೆಯಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿದರೆ ಟ್ಯಾಂಕ್ ಸಿದ್ಧ.

ಇಲ್ಲದ ನೈಟ್ರೇಟ್

ಇನ್ನು 80ರ ಲೆಕ್ಕ. 1 ಪಿಪಿಎಂ ಅಮೋನಿಯಾ ಪೂರ್ತಿ ಪರಿವರ್ತನೆಯಾದರೂ ಹುಟ್ಟುವುದು ಸುಮಾರು 3.6 ಪಿಪಿಎಂ ನೈಟ್ರೇಟ್. ನೀವು ಹಾಕಿದ್ದು 2 ಪಿಪಿಎಂ ಆದರೆ ಏಳೆಂಟು ದಾಟಬಾರದು. ಹಾಗಾದರೆ ಉಳಿದದ್ದು ಎಲ್ಲಿಂದ ಬಂತು?

ಉತ್ತರ ಕಿಟ್ಟಿನೊಳಗಿದೆ. ಮನೆಬಳಕೆಯ ಸಾಮಾನ್ಯ ಕಿಟ್‌ಗಳು ನೈಟ್ರೇಟನ್ನು ನೇರವಾಗಿ ಅಳೆಯುವುದಿಲ್ಲ. ಅದರ ಒಂದು ಪಾಲನ್ನು ಮೊದಲು ನೈಟ್ರೈಟ್ ಮಾಡಿ, ಆ ನೈಟ್ರೈಟ್ ಕೊಡುವ ಗುಲಾಬಿ ಬಣ್ಣವನ್ನು ಓದುತ್ತವೆ. ನೀರಿನಲ್ಲಿ ಮೊದಲೇ ನೈಟ್ರೈಟ್ ಇದ್ದರೆ ಅದೂ ಬಣ್ಣಕ್ಕೆ ಸೇರಿ ಅಂಕಿ ಹಲವು ಪಟ್ಟು ಉಬ್ಬುತ್ತದೆ. ನೈಟ್ರೈಟ್ ಸೊನ್ನೆಗೆ ಬರುವವರೆಗೆ ನೈಟ್ರೇಟ್ ಪರೀಕ್ಷೆ ಮಾಡುವುದೇ ದಂಡ.

ಇದಕ್ಕೆ ತದ್ವಿರುದ್ಧವಾದ ತಪ್ಪೂ ಇದೆ. ಕೆಲವು ಕಿಟ್‌ಗಳ ಎರಡನೇ ಬಾಟಲಿಯಲ್ಲಿ ಪುಡಿ ತಳದಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಬಾಟಲಿಯನ್ನು ಮೇಜಿಗೆ ನಾಲ್ಕು ಸಲ ತಟ್ಟಿ, ಅರ್ಧ ನಿಮಿಷ ಜೋರಾಗಿ ಕುಲುಕಿ, ಹನಿ ಹಾಕಿದ ಮೇಲೆ ಟ್ಯೂಬನ್ನು ಒಂದು ನಿಮಿಷ ಕುಲುಕಬೇಕು. ಕೈಪಿಡಿಯಲ್ಲಿ ಬರೆದಿದ್ದರೂ ಬಹಳ ಜನ ಇದನ್ನು ಹಾರಿಸುತ್ತಾರೆ. ಆಗ ನೈಟ್ರೇಟ್ ತುಂಬಿದ ನೀರೂ ಹಳದಿಯಾಗಿಯೇ ಉಳಿಯುತ್ತದೆ. ಎರಡು ಕಂಪನಿಯ ಕಿಟ್‌ಗಳು ಬೇರೆ ಬೇರೆ ಅಂಕಿ ಕೊಟ್ಟರೆ ಯೂನಿಟ್ ನೋಡಿ. ಒಂದು ನೈಟ್ರೇಟನ್ನು, ಇನ್ನೊಂದು ಅದರಲ್ಲಿರುವ ನೈಟ್ರೋಜನ್ನನ್ನು ಮಾತ್ರ ತೋರಿಸುತ್ತಿರಬಹುದು. ಎರಡನೆಯದನ್ನು 4.4ರಿಂದ ಗುಣಿಸಿದರೆ ತಾಳೆಯಾಗುತ್ತದೆ.

ಅಂದ ಹಾಗೆ, ಸಿಹಿನೀರಿನ ಮೀನು ಸಾಕಿದವರಿಗೆ ನೈಟ್ರೈಟ್ ಎಂದರೆ ಎದೆ ಝಲ್ಲೆನ್ನುತ್ತದೆ. ಕಡಲ ನೀರಿನಲ್ಲಿ ಅಷ್ಟು ಭಯ ಬೇಡ. ಲೀಟರಿಗೆ ಸುಮಾರು 19 ಗ್ರಾಂನಷ್ಟಿರುವ ಕ್ಲೋರೈಡ್, ಕಿವಿರುಗಳ ಮೂಲಕ ನೈಟ್ರೈಟ್ ಒಳನುಗ್ಗುವುದನ್ನು ಬಹುಮಟ್ಟಿಗೆ ತಡೆಯುತ್ತದೆ.

ಬಿಡದೆ ಕಾಡುವ 0.25

ಅಮೋನಿಯಾ ಕಿಟ್‌ನ ಬಣ್ಣ ಹಳದಿಯಿಂದ ಹಸಿರಿಗೆ ತಿರುಗುತ್ತದೆ. ಸೊನ್ನೆಗೂ 0.25ಕ್ಕೂ ನಡುವಿನ ವ್ಯತ್ಯಾಸ ಕೂದಲೆಳೆಯದು. ಅದರ ಮೇಲೆ ಕಡಲ ಅಕ್ವೇರಿಯಂಗಳ ದೀಪಗಳು ನೀಲಿ. ಆ ಬೆಳಕಿನಲ್ಲಿ ಹಳದಿಯೂ ಹಸಿರಾಗಿ ಕಾಣುತ್ತದೆ. ಟ್ಯೂಬನ್ನು ಕಿಟಕಿಯ ಬಳಿ ಒಯ್ದು, ಹಿಂದೆ ಬಿಳಿ ಹಾಳೆ ಹಿಡಿದು ಹಗಲು ಬೆಳಕಿನಲ್ಲಿ ನೋಡಿ. ಆಗಲೂ ಅನುಮಾನವಿದ್ದರೆ ಆರ್‌ಒ ನೀರಿನಲ್ಲಿ ಅದೇ ಪರೀಕ್ಷೆ ಮಾಡಿ ಎರಡು ಟ್ಯೂಬ್‌ಗಳನ್ನು ಪಕ್ಕಪಕ್ಕ ಇಡಿ. ಬಣ್ಣ ಒಂದೇ ಆಗಿದ್ದರೆ ನಿಮ್ಮ 0.25 ಕಿಟ್ಟಿನದೇ ಹೊರತು ಟ್ಯಾಂಕಿನದಲ್ಲ. ಅವಧಿ ಮೀರಿದ ಕಿಟ್ ಆಗಿದ್ದರಂತೂ ಪರೀಕ್ಷೆಗೆ ಅರ್ಥವೇ ಇಲ್ಲ.

ಉಪ್ಪಿನ ಅಳತೆ

ಕಡಲಿನ ನೀರಿನಲ್ಲಿ ಕಿಲೋಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. 25 ಡಿಗ್ರಿಯಲ್ಲಿ ಅದರ ಸಾಪೇಕ್ಷ ಸಾಂದ್ರತೆ 1.026. ಮುಳ್ಳು ತಿರುಗುವ ಪ್ಲಾಸ್ಟಿಕ್ ಹೈಡ್ರೋಮೀಟರಿನಲ್ಲಿ ಮುಳ್ಳಿಗೆ ಒಂದು ಗಾಳಿಗುಳ್ಳೆ ಅಂಟಿದರೂ ಲೆಕ್ಕ ಕೆಡುತ್ತದೆ. ರಿಫ್ರ್ಯಾಕ್ಟೋಮೀಟರ್ ವಾಸಿ. ಆದರೆ ಅದನ್ನು ಬರೀ ಶುದ್ಧ ನೀರಿನಿಂದ ಸೊನ್ನೆಗೆ ಹೊಂದಿಸಿದರೆ ಸಾಲದು, 35ರ ಪ್ರಮಾಣಿತ ದ್ರಾವಣದಿಂದಲೂ ಸರಿನೋಡಬೇಕು. ದಿನದಿನಕ್ಕೆ ಉಪ್ಪು ಏರುತ್ತಿದೆಯೇ? ಆವಿಯಾಗುವುದು ನೀರು ಮಾತ್ರ, ಉಪ್ಪಲ್ಲ. ಇಳಿದ ಮಟ್ಟಕ್ಕೆ ಸಿಹಿನೀರನ್ನೇ ತುಂಬಬೇಕು.

ಕರಾವಳಿಯವರಿಗೆ ಕಡಲ ನೀರನ್ನೇ ತಂದು ಸುರಿಯುವ ಆಸೆ ಸಹಜ. ಮಳೆಗಾಲದಲ್ಲಿ ನೇತ್ರಾವತಿ, ಗುರುಪುರ ನದಿಗಳು ಸೇರುವ ಅಳಿವೆಯ ಆಸುಪಾಸಿನ ನೀರು ಉಪ್ಪು ಕಳೆದುಕೊಂಡಿರುತ್ತದೆ, ಜೊತೆಗೆ ಕೆಸರೂ ಇರುತ್ತದೆ. ತಂದರೂ ಅಳೆಯದೆ ಬಳಸಬೇಡಿ.

ಕೋಣೆಯ ಗಾಳಿ, ಅಡುಗೆಮನೆಯ ಆರ್‌ಒ

ಪಿಎಚ್ 7.8 ಎಂದರೆ ಅಪಾಯವಲ್ಲ, 7.8ರಿಂದ 8.4ರವರೆಗೆ ಟ್ಯಾಂಕ್ ಚೆನ್ನಾಗಿಯೇ ನಡೆಯುತ್ತದೆ. ಬಾಗಿಲು ಮುಚ್ಚಿ ಎಸಿ ಹಾಕಿದ ಕೋಣೆಯಲ್ಲಿ ನಮ್ಮ ಉಸಿರಿನ ಇಂಗಾಲದ ಡೈಆಕ್ಸೈಡ್ ನೀರಿಗಿಳಿದು ಪಿಎಚ್ ತಗ್ಗಿಸುತ್ತದೆ. ಒಂದು ಲೋಟ ಟ್ಯಾಂಕ್ ನೀರನ್ನು ಬಾಲ್ಕನಿಗೆ ಒಯ್ದು ಒಂದು ಗಂಟೆ ಗಾಳಿ ಊದಿ ಮತ್ತೆ ಅಳೆಯಿರಿ. ಪಿಎಚ್ ಏರಿದರೆ ಮದ್ದು ಕಿಟಕಿ ತೆರೆಯುವುದು, ಪುಡಿ ಸುರಿಯುವುದಲ್ಲ. ಪುಡಿ ಸುರಿದರೆ ಕ್ಷಾರತೆ ಬೇಡದಷ್ಟು ಏರಿ, ಕ್ಯಾಲ್ಸಿಯಂ ಬಿಳಿ ಸುಣ್ಣವಾಗಿ ಹೀಟರಿಗೂ ಪಂಪಿಗೂ ಕಟ್ಟಿಕೊಳ್ಳುತ್ತದೆ.

ಉಪ್ಪು ಬೆರೆಸಲು ಅಡುಗೆಮನೆಯ ಆರ್‌ಒ ಸಾಕಲ್ಲ ಎಂದುಕೊಳ್ಳುವವರು ಒಂದು ವಿಷಯ ಗಮನಿಸಬೇಕು. ಕುಡಿಯುವ ನೀರಿನ ಎಷ್ಟೋ ಯಂತ್ರಗಳಲ್ಲಿ ರುಚಿಗಾಗಿ ಸ್ವಲ್ಪ ಕಚ್ಚಾ ನೀರನ್ನು ಮತ್ತೆ ಬೆರೆಸುವ, ಇಲ್ಲವೇ ಖನಿಜ ಸೇರಿಸುವ ವ್ಯವಸ್ಥೆ ಇರುತ್ತದೆ. ಬೋರ್‌ವೆಲ್ ನೀರಿನ ನೈಟ್ರೇಟ್, ಸಿಲಿಕೇಟ್‌ಗಳು ಟ್ಯಾಂಕ್ ಸೇರುವುದು ಹೀಗೆ. ಟಿಡಿಎಸ್ ಮೀಟರಿನಲ್ಲಿ ಅಂಕಿ ಸೊನ್ನೆಯ ಹತ್ತಿರ ಇರಬೇಕು, 50 ಅಥವಾ 80 ಅಲ್ಲ.

ಕೈ ಕಟ್ಟಿ ಕೂರುವುದೂ ಚಿಕಿತ್ಸೆ

ಅಂಕಿ ಕೆಟ್ಟದ್ದೆಂದು ಕಂಡ ದಿನ ಮಾಡಬೇಕಾದ್ದು ಇಷ್ಟೇ: ಅದೇ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ, ಶುದ್ಧ ನೀರಿನೊಂದಿಗೆ ಹೋಲಿಸಿ, ಉಪ್ಪಿನಂಶ ಮತ್ತು ಉಷ್ಣಾಂಶ ನೋಡಿ, ಎಲ್ಲವನ್ನೂ ದಿನಾಂಕ ಹಾಕಿ ಬರೆದಿಡಿ. ಒಂದು ದಿನದ ಅಂಕಿಗಿಂತ ಒಂದು ವಾರದ ಏರಿಳಿತ ಹೆಚ್ಚು ಹೇಳುತ್ತದೆ. ಟ್ಯಾಂಕಿನಲ್ಲಿ ಮೀನಿದ್ದು ಅಮೋನಿಯಾ ನಿಜಕ್ಕೂ ಏರಿದ್ದರೆ ಮಾತ್ರ ತಡಮಾಡದೆ ಅದೇ ಉಷ್ಣಾಂಶದ, ಅಷ್ಟೇ ಉಪ್ಪಿನ ನೀರಿನಿಂದ ಒಂದು ಪಾಲು ಬದಲಿಸಿ. ಮೀನಿಲ್ಲದ ಟ್ಯಾಂಕಿಗೆ ಆತುರವೇ ಇಲ್ಲ. ಸೈಕಲ್ ಮುಗಿದ ಮೇಲೆ ಮೊದಲ ಅತಿಥಿಯಾಗಿ ಹ್ಯಾಚರಿಯಲ್ಲಿ ಮರಿ ಮಾಡಿಸಿದ ಕ್ಲೌನ್ ಮೀನನ್ನೇ ಕೇಳಿ ಪಡೆಯಿರಿ. ನಮ್ಮದೇ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಅದರ ತಂತ್ರಜ್ಞಾನವನ್ನು ರೂಪಿಸಿದೆ. ಅಲ್ಲಿಯವರೆಗೆ ಅಂಗಡಿಯ ಬಾಟಲಿಗಳು ಅಂಗಡಿಯಲ್ಲೇ ಇರಲಿ.